ಇದರಂಥದ್ದೇ ಬೇಕು, ಇದೇ ಬೇಡ

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಈಗಿನ ಪ್ರೇಮ ಕಾದಂಬರಿಗಳಲ್ಲಿ ಜಗಳದಿಂದ ಆರಂಭವಾಗುವ ಪ್ರೀತಿ, ಒಪ್ಪಂದದ ಮದುವೆ, ಒಂದೇ ಕೋಣೆಯಲ್ಲಿ ಸಿಕ್ಕಿಹಾಕಿಕೊಳ್ಳುವ ನಾಯಕ ನಾಯಕಿಯರು ಮತ್ತೆ ಮತ್ತೆ ಬಂದರೂ ಓದುವವರಿಗೆ ಬೇಸರವೇಕೆ ಆಗುವುದಿಲ್ಲ ಎಂಬುದು ಮೊದಲನೆಯದು. ಚಿತ್ರದುರ್ಗದಲ್ಲಿ ನಡೆಯುವ ಪ್ರೇಮಕಥೆಯೊಂದನ್ನು ಬರೆಯಲು ಕುಳಿತಿರುವ ನೀವು ಇಂಥ ಸವೆದ ಎಳೆಗಳನ್ನು ಬಳಸಿದರೆ ಓದುಗರು ನಗುತ್ತಾರೆಯೇ ಎಂಬುದು ಎರಡನೆಯದು. ನಾನು ವಿಮರ್ಶಕಿಯಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಹತ್ತೊಂಬತ್ತು ವರ್ಷ ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸಿದವಳು. ಓದುವವರು ಯಾವ ಪುಸ್ತಕವನ್ನು ಎರಡನೆಯ ಸಲ ಕೇಳುತ್ತಾರೆ, ಯಾವುದನ್ನು ಅರ್ಧಕ್ಕೇ ತಂದು ಕೌಂಟರಿನ ಮೇಲೆ ಇಡುತ್ತಾರೆ ಎಂಬುದಷ್ಟೇ ನನಗೆ ಗೊತ್ತು. ಅಷ್ಟರ ಮೇಲೆಯೇ ಬರೆಯುತ್ತಿದ್ದೇನೆ.

ಇಂಗ್ಲಿಷ್ ಕಾದಂಬರಿಗಳನ್ನು ಓದುವ ಕಾಲೇಜು ಹುಡುಗಿಯರು ಟ್ರೋಪ್ (ಕಥೆಯಿಂದ ಕಥೆಗೆ ಮರುಕಳಿಸುವ ಎಳೆ) ಎನ್ನುವುದನ್ನು ನಮ್ಮಲ್ಲಿಗೆ ಬರುತ್ತಿದ್ದ ಗೃಹಿಣಿಯರು ‘ಆ ಥರದ ಕಥೆ’ ಎನ್ನುತ್ತಿದ್ದರು. ಅವರಲ್ಲೊಬ್ಬರು ಪುಸ್ತಕ ಹಿಂದಿರುಗಿಸುವಾಗಲೆಲ್ಲ ಹೇಳುತ್ತಿದ್ದ ಮಾತು ಒಂದೇ: “ಇದರಂಥದ್ದೇ ಇನ್ನೊಂದು ಕೊಡ್ರಿ ಅಕ್ಕಾ, ಇದೇ ಬ್ಯಾಡ.” ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಹೊಳೆಯುವುದಿಲ್ಲ. ಅವರು ಹೊಸ ಪುಸ್ತಕವನ್ನು ಕೈಗೆತ್ತಿಕೊಂಡ ಕೂಡಲೇ ಕೊನೆಯ ಪುಟವನ್ನು ತೆರೆದು ನಿಂತಲ್ಲೇ ಓದಿ, ಆಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದರು. ಕೊನೆ ಗೊತ್ತಾದ ಮೇಲೆ ಓದುವುದಕ್ಕೆ ಏನು ಉಳಿಯಿತು ಎಂದು ನಾನು ಒಮ್ಮೆ ಕೇಳಿದ್ದಕ್ಕೆ, “ಕೊನೀಗೆ ಏನಾತು ಅಂತ ಗೊತ್ತಾದ್ರೆ ನೆಮ್ಮದಿಯಿಂದ ಓದಬೋದು” ಎಂದರು. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ ಅಲ್ಲಿನ ಒಂದು ಊರಿನ ಪ್ರೇಮ ಕಾದಂಬರಿಗಳ ಓದುಗಿಯರನ್ನು ಮಾತನಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹೀಗೆ ಕೊನೆಯನ್ನು ಮೊದಲು ನೋಡುವ ಹೆಂಗಸರು ಬರುತ್ತಾರೆ. ಓದುವ ಹೊತ್ತು ಮನೆಯವರ್ಯಾರಿಗೂ ಸೇರದ, ತಮ್ಮದೇ ಆದ ಹೊತ್ತು ಎಂದು ಅವರು ಹೇಳಿದ್ದನ್ನು ಓದಿದಾಗ ನನಗೆ ನಮ್ಮ ಕೌಂಟರೇ ಕಣ್ಣಮುಂದೆ ಬಂದಿತ್ತು.

ಗೊತ್ತಿರುವ ಕಥೆಗೆ ಕಾದು ಕೂರುವುದು ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ದೊಡ್ಡಾಟದಲ್ಲಿ ಯಾರು ಗೆಲ್ಲುತ್ತಾರೆಂದು ತಿಳಿಯದೆ ಬೆಳಗಿನ ತನಕ ಕೂತವರು ಯಾರೂ ಇಲ್ಲ. ಚಿಂದೋಡಿ ಲೀಲಾ ಅವರ ಕಂಪನಿ ನಾಟಕಗಳನ್ನು ನಮ್ಮ ತಾಯಿ, ಚಿಕ್ಕಮ್ಮಂದಿರು ನೋಡಿ ಬಂದು, ಮರುವಾರ ಅದೇ ನಾಟಕಕ್ಕೆ ಮತ್ತೆ ಹೋಗುತ್ತಿದ್ದರು.

ಆದರೆ ಬೇಸರವಾಗದಿರುವುದು ಬೇರೆ, ಬೇಕೆನಿಸುವುದು ಬೇರೆ. ಈ ಎಳೆಗಳು ಬೇಕೆನಿಸುವುದಕ್ಕೆ ನಾನು ಕಂಡುಕೊಂಡ ಕಾರಣವೆಂದರೆ, ಹತ್ತಿರ ಬರಲು ಯಾವ ನೆವವೂ ಇಲ್ಲದ ಇಬ್ಬರಿಗೆ ಅವು ಒಂದು ನೆವವನ್ನು ಒದಗಿಸುತ್ತವೆ. ಜಗಳದಿಂದ ಹುಟ್ಟುವ ಪ್ರೀತಿಯನ್ನೇ ನೋಡಿ. ನಾನು ಓದುತ್ತಿದ್ದ ಕಾಲದಲ್ಲಿ, ಅಂದರೆ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದಾಗ (ನಮ್ಮದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ), ಬಸ್ ನಿಲ್ದಾಣದಲ್ಲಿ ಹುಡುಗನೊಬ್ಬನ ಜೊತೆ ಐದು ನಿಮಿಷ ನಗುತ್ತಾ ಮಾತನಾಡಿದರೆ ಆ ಸುದ್ದಿ ನಮಗಿಂತ ಮೊದಲು ಮನೆ ತಲುಪುತ್ತಿತ್ತು. ಅದೇ ಹುಡುಗನ ಜೊತೆ ಸೀಟಿಗಾಗಿಯೋ ಚಿಲ್ಲರೆಗಾಗಿಯೋ ಅರ್ಧ ಗಂಟೆ ಜಗಳವಾಡಿದರೆ ಯಾರೂ ಚಕಾರವೆತ್ತುತ್ತಿರಲಿಲ್ಲ. ಹುಡುಗಿ ಗಟ್ಟಿಗಿತ್ತಿ ಎಂದು ಮೆಚ್ಚಿಯೂ ಬಿಡುತ್ತಿದ್ದರು. ಪರಿಚಯವಿಲ್ಲದ ಗಂಡು ಹೆಣ್ಣು ನಾಲ್ಕು ಜನರ ಎದುರು ಒಬ್ಬರ ಕಣ್ಣನ್ನೊಬ್ಬರು ನೋಡುತ್ತಾ ದೀರ್ಘವಾಗಿ ಮಾತನಾಡಬಹುದಾಗಿದ್ದ ಏಕೈಕ ಬಗೆ ಜಗಳವಾಗಿತ್ತು. ಕಾದಂಬರಿಕಾರರು ಅದನ್ನು ಬಿಡುತ್ತಾರೆಯೇ?

ಜಗಳದ ಕಥೆಯಲ್ಲಿ ಓದುಗರು ಕಾಯುವುದು ಜಗಳಕ್ಕಲ್ಲ, ತಪ್ಪೊಪ್ಪಿಗೆಗೆ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಇಂದಿಗೂ ಈ ಎಳೆಯ ಮಾದರಿಯಾಗಿ ಉಳಿದಿದ್ದರೆ ಅದಕ್ಕೆ ಕಾರಣ, ನೃತ್ಯಕೂಟದಲ್ಲಿ ನಾಯಕಿಯನ್ನು ಕೀಳಾಗಿ ಕಂಡ ಡಾರ್ಸಿಯೂ, ಅವನನ್ನು ಪೂರಾ ತಪ್ಪಾಗಿ ಅಳೆದ ಎಲಿಜಬೆತ್‌ಳೂ ತಾವು ತಪ್ಪಿದೆವೆಂದು ಒಪ್ಪಿಕೊಳ್ಳುವವರೆಗೆ ಕಥೆ ಮುಗಿಯುವುದಿಲ್ಲ ಎಂಬುದೇ ಎಂದು ನನ್ನ ಭಾವನೆ. ನಮ್ಮ ಲೈಬ್ರರಿಯ ಪುಸ್ತಕಗಳಲ್ಲಿ ಗೀಚಬಾರದೆಂದು ಬೋರ್ಡು ಹಾಕಿದ್ದೆ, ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದಲೇ ಈಗ ಹೇಳಬಲ್ಲೆ: ಮೊದಲ ಸ್ಪರ್ಶದ ಪುಟಗಳಲ್ಲಿ ಪೆನ್ಸಿಲ್ ಗೆರೆಗಳು ಅಷ್ಟಾಗಿ ಇರುತ್ತಿರಲಿಲ್ಲ. ನಾಯಕ “ನನ್ನದೇ ತಪ್ಪು” ಎನ್ನುವ ಪುಟದ ಅಂಚಿನಲ್ಲಿ ಒಂದರ ಪಕ್ಕ ಒಂದು, ಬೇರೆ ಬೇರೆ ಕೈಗಳ ಮೂರು ನಾಲ್ಕು ಗೆರೆಗಳಿರುತ್ತಿದ್ದವು. ಒಂದು ಕಡೆ ಯಾರೋ ದುಂಡಗಿನ ಅಕ್ಷರದಲ್ಲಿ ‘ನಮ್ಮನೇಲಿ ಯಾವಾಗ?’ ಎಂದೂ ಬರೆದಿದ್ದರು.

ಒಪ್ಪಂದದ ಮದುವೆಯ ಕಥೆ ಇದಕ್ಕಿಂತ ಸ್ವಾರಸ್ಯಕರವಾದದ್ದು. ಏಕೆಂದರೆ ಅದು ಇಂಗ್ಲಿಷಿನಿಂದ ನಮ್ಮಲ್ಲಿಗೆ ಬರುವಾಗ ಅದರ ಅರ್ಥವೇ ತಿರುಗುತ್ತದೆ. ಅಲ್ಲಿನ ಲೇಖಕರಿಗೆ ಪ್ರೀತಿಯಿಲ್ಲದ ಇಬ್ಬರನ್ನು ಗಂಡ ಹೆಂಡತಿಯಾಗಿಸಲು ಅಜ್ಜನ ಉಯಿಲೋ, ವೀಸಾದ ತೊಡಕೋ, ದಿವಾಳಿಯೆದ್ದ ಅಪ್ಪನೋ ಬೇಕಾಗುತ್ತದೆ. ನಮಗೆ ಅಷ್ಟೆಲ್ಲ ಪ್ರಯಾಸವೇ ಬೇಡ. ಉಪ್ಪಿಟ್ಟು ಕೇಸರಿಬಾತಿನ ತಟ್ಟೆಯನ್ನು ಹಿಡಿದು ಅರ್ಧ ಗಂಟೆ ತಲೆ ತಗ್ಗಿಸಿ ಕುಳಿತ ಹುಡುಗಿ ಮೂರು ತಿಂಗಳಲ್ಲಿ ಆ ಅಪರಿಚಿತನ ಮನೆಯಲ್ಲಿರುತ್ತಾಳೆ. ಹಾಗಾಗಿ ನಮ್ಮ ಓದುಗಿಯರಿಗೆ ಈ ಎಳೆ ಕಟ್ಟುಕಥೆಯಾಗಿ ಕಾಣುವುದಿಲ್ಲ. ತಮ್ಮ ಬಾಳಿನಲ್ಲಿ ಹಾರಿಹೋದ ಒಂದು ಅಧ್ಯಾಯವನ್ನು ಯಾರೋ ನಿಧಾನವಾಗಿ ಬರೆದುಕೊಟ್ಟಂತೆ ಕಾಣುತ್ತದೆ. ಮದುವೆಯಾದ ಮೇಲೆ ಗಂಡ ಹೆಂಡತಿಯನ್ನು ಮೊದಲ ಬಾರಿಗೆ ಗಮನಿಸುವುದು, ಅವಳು ಕಾಫಿಗೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಾಳೆಂದು ನೆನಪಿಡುವುದು, ಹಾಸಿಗೆಯ ನಡುವಿನ ದಿಂಬು ದಿನಕ್ಕಿಷ್ಟು ಪಕ್ಕಕ್ಕೆ ಸರಿಯುವುದು, ಇವಕ್ಕೆ ಮುನ್ನೂರು ಪುಟ ಕೊಟ್ಟರೂ ಹೆಚ್ಚೆನಿಸುವುದಿಲ್ಲ. “ನಮ್ಮನೆಯವರು ನನ್ನ ಹೆಸರು ಹಿಡಿದು ಕರೆದಿದ್ದು ಮಗ ಹುಟ್ಟಿದ ಮೇಲೆ” ಎಂದು ಒಬ್ಬರು ನಗುತ್ತಲೇ ಹೇಳಿದ್ದರು. ಅವರು ಬಾಡಿಗೆಗೆ ಒಯ್ಯುತ್ತಿದ್ದುದು ಹೆಚ್ಚಾಗಿ ಇಂಥ ಕಥೆಗಳನ್ನೇ.

ಮರೆವು, ಗುರುತಿನ ವಸ್ತು, ಅಗಲಿಕೆಯ ನಂತರದ ಎರಡನೆಯ ಅವಕಾಶ ಮುಂತಾದವುಗಳ ಬಗ್ಗೆ ವಿವರಿಸುವ ಅಗತ್ಯವಿಲ್ಲ. ಉಂಗುರ ಕಳೆದುಕೊಂಡ ಶಕುಂತಲೆಯ ಕಥೆ ಎಲ್ಲರಿಗೂ ಗೊತ್ತು. ಹಳಗನ್ನಡದಲ್ಲಿ ನೇಮಿಚಂದ್ರನ ‘ಲೀಲಾವತಿ’ಯ ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡೇ ಮರುಳಾಗುತ್ತಾರೆ. ಇವೆಲ್ಲ ಮೊಬೈಲಿನಲ್ಲಿ ಹುಟ್ಟಿದವೆಂದು ಮೂಗು ಮುರಿಯುವವರಿಗೆ ಇಷ್ಟು ಸಾಕು. ಮೊಬೈಲು ಬದಲಿಸಿದ್ದು ಓದಿನ ಅಳತೆಯನ್ನು. 1965ರಲ್ಲಿ ಆರಂಭವಾದ ‘ಸುಧಾ’ದ ಧಾರಾವಾಹಿಗಾಗಿ ವಾರಗಟ್ಟಲೆ ಕಾಯುತ್ತಿದ್ದವರ ಮೊಮ್ಮಕ್ಕಳು ಈಗ ಪ್ರತಿಲಿಪಿ ಎಂಬ ಕಥೆಗಳ ಆ್ಯಪ್‌ನಲ್ಲಿ ಊಟದ ಬಿಡುವಿನಲ್ಲಿ ಒಂದು ಕಂತನ್ನು ಓದಿ ಮುಗಿಸುತ್ತಾರೆ, ಮುಂದಿನದು ತಡವಾದರೆ ಲೇಖಕಿಯನ್ನೇ ಕಮೆಂಟಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾರೆ.

ನನಗೆ ಒಗ್ಗದ ಒಂದು ಎಳೆಯೂ ಇದೆ. ಕೋಟ್ಯಧೀಶನಾದ ನಾಯಕ ನಾಯಕಿಯ ಮಣಿಕಟ್ಟನ್ನು ಹಿಡಿದೆಳೆಯುತ್ತಾನೆ, ಕೆನ್ನೆಗೆ ಬಾರಿಸುತ್ತಾನೆ, ಕೊನೆಗೆ ಅವನ ಬಾಲ್ಯದ ನೋವನ್ನು ತೋರಿಸಿ ಎಲ್ಲವನ್ನೂ ಮನ್ನಿಸಲಾಗುತ್ತದೆ. ಒರಟುತನದ ಒಳಗೆ ಪ್ರೀತಿ ಅಡಗಿದೆಯೆಂದು ನಂಬುವ ಓದುಗಿಯರಿಗೆ ಅದರಿಂದ ಸಮಾಧಾನ ಸಿಗುತ್ತದೆಂದು ರಾಡ್‌ವೇ ಅವರೂ ಗಮನಿಸಿದ್ದರು. ಇರಬಹುದು, ಆದರೆ ಮನೆಯಲ್ಲಿ ಪೆಟ್ಟು ತಿಂದು ಬಂದವರ ಕೈಗೆ ಅಂಥ ಪುಸ್ತಕವನ್ನು ಕೊಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವುಗಳನ್ನು ಕೆಳಗಿನ ಕಪಾಟಿನಲ್ಲಿ, ಬಗ್ಗಿದರೆ ಮಾತ್ರ ಕಾಣುವಂತೆ ಇಡುತ್ತಿದ್ದೆ. ಕೇಳಿ ಪಡೆಯುವವರು ಹೇಗೂ ಕೇಳುತ್ತಿದ್ದರು.

ಇನ್ನು ನಿಮ್ಮ ಕಾದಂಬರಿ. ಯಾವ ಎಳೆಯನ್ನಾದರೂ ಧಾರಾಳವಾಗಿ ಬಳಸಿ, ಆದರೆ ನೆವವನ್ನು ನಿಮ್ಮ ಊರಿನಲ್ಲೇ ಹುಡುಕಿ. ಇಂಗ್ಲಿಷಿನ ‘ಒಂದೇ ಹಾಸಿಗೆ’ಯ ಎಳೆಯನ್ನು ತೆಗೆದುಕೊಳ್ಳಿ: ಹಿಮ ಸುರಿದು ದಾರಿ ಮುಚ್ಚುತ್ತದೆ, ವಸತಿಗೃಹದಲ್ಲಿ ಒಂದೇ ಕೋಣೆ ಖಾಲಿ ಇರುತ್ತದೆ. ಚಳ್ಳಕೆರೆಯಲ್ಲಿ ಮಳೆ ಬೀಳುವುದೇ ಅಪರೂಪ, ಇನ್ನು ಹಿಮವೆಲ್ಲಿಂದ ಬರಬೇಕು? ಕೊನೆಯ ಬಸ್ಸು ತಪ್ಪಿದರೂ ನಮ್ಮವರಿಗೆ ಯಾವುದಾದರೂ ಊರಿನಲ್ಲಿ ಸೋದರತ್ತೆಯ ಮನೆ ಇದ್ದೇ ಇರುತ್ತದೆ. ಅಲ್ಲಿನ ಪ್ರೇಮಿಗಳ ತೊಂದರೆ ಹಾಸಿಗೆ ಒಂದೇ ಎಂಬುದು; ನಮ್ಮವರ ತೊಂದರೆ ಕಲ್ಯಾಣ ಮಂಟಪದ ಹಾಲಿನಲ್ಲಿ ಒಂದೇ ಸಾಲಿಗೆ ಜಮಖಾನ ಹಾಸಿಕೊಂಡು ನಲವತ್ತು ಜನ ಮಲಗಿರುತ್ತಾರೆ ಎಂಬುದು. ಆದ್ದರಿಂದ ಎಳೆಯನ್ನು ತಿರುಗಿಸಿ ಹಾಕಿ. ಹೆಣ್ಣಿನ ಕಡೆಯವಳೊಬ್ಬಳು, ಗಂಡಿನ ಕಡೆಯವನೊಬ್ಬ ಹಿಂದಿನ ದಿನ ವರೋಪಚಾರದಲ್ಲಿ ಏನೋ ಕಡಿಮೆಯಾಯಿತೆಂದು ಬಾಯಿಗೆ ಬಾಯಿ ಕೊಟ್ಟು ಜಗಳವಾಡಿರಲಿ. ಬೆಳಗಿನ ನಾಲ್ಕು ಗಂಟೆಗೆ ನಿದ್ದೆ ಬಾರದ ಇಬ್ಬರೂ ಅಡುಗೆ ಭಟ್ಟರ ಒಲೆಯ ಬಳಿ ಬಂದು, ಬೇರೆ ಕೆಲಸವಿಲ್ಲದೆ ಒಂದೇ ಬುಟ್ಟಿಯ ಬೆಳ್ಳುಳ್ಳಿಯನ್ನು ಎದುರುಬದುರು ಕುಳಿತು ಬಿಡಿಸಲಿ. ಭಟ್ಟರು ಕಾಫಿ ಕೊಡುವಾಗ ಅವಳಿಗೆ ಸಕ್ಕರೆ ಬೇಡವೆಂದು ಅವನು ಹೇಳಿದರೆ, ನಿನ್ನೆಯ ಜಗಳದ ನಡುವೆಯೂ ಅದನ್ನು ಗಮನಿಸಿದ್ದನೆಂದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.