ಅವಳ 8 ನೆಗೆಟಿವ್, ನನ್ನ 8 ಪಾಸಿಟಿವ್, ಇದ್ಯಾವ ಲೆಕ್ಕ?

ಪ್ರಶ್ನೆ: ಡಾಕ್ಟ್ರೇ, ಹೋದ ತಿಂಗಳು ನಮ್ಮ ಮಾವನಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಯ್ತು, ಮನೆಯವ್ರಿಗೆಲ್ಲ ಚರ್ಮದ ಟೆಸ್ಟ್ ಮಾಡಿದ್ರು. ನನ್ನ ಕೈ ಮೂರು ಬೆರಳಗಲ ಕೆಂಪಾಗಿತ್ತು, ಆದ್ರೆ ನರ್ಸ್ ಬರೆದಿದ್ದು 8 ಮಿ.ಮೀ., ಪಾಸಿಟಿವ್ ಅಂತ. ನಮ್ಮೆಜಮಾನ್ರಿಗೆ 0. ನನ್ನ ಗೆಳತಿಗೂ ಹಿಂದೆ 8 ಬಂದಿತ್ತು, ಅವಳಿಗೆ ನೆಗೆಟಿವ್ ಅಂದಿದ್ರಂತೆ! ನಂಗೆ ಕೆಮ್ಮು, ಜ್ವರ ಏನಿಲ್ಲ. 7 ತಿಂಗಳ ಮಗುಗೆ ಹಾಲು ಕುಡಿಸ್ತಿದೀನಿ, ನಿಲ್ಲಿಸ್ಬೇಕಾ?

ಉತ್ತರ: ಮೊದ್ಲು ಹಾಲಿನ ವಿಷ್ಯ, ನಿಲ್ಲಿಸ್ಬೇಡಿ ತಾಯಿ. ಪಾಸಿಟಿವ್ ಅಂದ್ರೆ ಟಿಬಿ ಕಾಯಿಲೆ ಬಂತು ಅಂತಲ್ಲ, ರೋಗಾಣು ಯಾವಾಗ್ಲೋ ಒಳಗೆ ಹೋಗಿರ್ಬಹುದು, ನಿಮ್ಮ ಮೈ ಅದರ ಗುರುತು ಹಿಡಿದಿದೆ ಅಂತ ಅಷ್ಟೆ, ಅದು ಸುಮ್ನೆ ಮಲಗಿರೋ ತನಕ ನಿಮ್ಮಿಂದ ಯಾರಿಗೂ ಹರಡಲ್ಲ.

ಇನ್ನು ಆ ಕೆಂಪು, ಅದನ್ನ ಮರೆತುಬಿಡಿ. ಮುಂಗೈ ಒಳಭಾಗದಲ್ಲಿ ಚರ್ಮದೊಳಗೆ 0.1 ಮಿ.ಲೀ. ಔಷಧಿ ಕೊಟ್ಟು, 48ರಿಂದ 72 ಗಂಟೆ ಒಳಗೆ ನೋಡೋದು ಬೆರಳಿಗೆ ಸಿಗೋ ಗಟ್ಟಿ ಊತ ಮಾತ್ರ, ಅದನ್ನೂ ಕೈಗೆ ಅಡ್ಡಡ್ಡ ಅಳೀಬೇಕು. ಬಾಲ್‌ಪೆನ್ನನ್ನ ಚರ್ಮದ ಮೇಲೆ ಮೆಲ್ಲಗೆ ಎಳ್ಕೊಂಡು ಬಂದ್ರೆ ಊತದ ಅಂಚಿಗೆ ತಡೆದು ನಿಲ್ಲುತ್ತೆ, ಎರಡೂ ಕಡೆಯಿಂದ ಹಂಗೆ ಗೆರೆ ಎಳೆದು ನಡುವಿನ ಅಂತರ ಬರ್ಕೊಳ್ತಾರೆ. ನಿಮ್ಮ ನರ್ಸ್ ಕೆಂಪು ಬಿಟ್ಟು 8 ಬರೆದಿದಾರಲ್ಲ, ಕೆಲಸ ಗೊತ್ತಿರೋರು.

ಅದೇ 8 ಯಾಕೆ ಬೇರೆ ಆಯ್ತು ಅಂದ್ರೆ, ಪಾಸಿಟಿವ್ ಅನ್ನೋಕೆ ಬೇಕಾದ ಅಳತೆ ಎಲ್ರಿಗೂ ಒಂದೇ ಅಲ್ಲ. ಟಿಬಿ ಇರೋರ ಜೊತೆ ಈಚೆಗೆ ಒಡನಾಡಿದೋರಿಗೆ, ಎಚ್‌ಐವಿ ಇರೋರಿಗೆ, ಅಂಗಾಂಗ ಕಸಿ ಆದೋರಿಗೆ 5 ಮಿ.ಮೀ. ಸಾಕು. ಆಸ್ಪತ್ರೆ ಕೆಲಸದೋರು, ಟಿಬಿ ಜಾಸ್ತಿ ಇರೋ ದೇಶದೋರು, ಪುಟ್ಟ ಮಕ್ಕಳು ಇವ್ರಿಗೆ 10, ಯಾವ ಅಪಾಯಾನೂ ಇಲ್ದೋರಿಗೆ 15. ನೀವು ಮಾವನ ಜೊತೆ ಒಂದೇ ಸೂರಿನಡಿ ಇದ್ದೀರಿ, ಬಹುಶಃ ಅವಳಿಗೆ ಹಂಗೆ ಯಾರೂ ಇರ್ಲಿಲ್ಲ. ಚಿಕ್ಕೋಳಿದ್ದಾಗ ಹಾಕಿಸಿದ ಬಿಸಿಜಿ ಅನ್ನೋ ಟಿಬಿ ಲಸಿಕೆಯಿಂದ ಈ 8 ಬಂದಿರ್ಬಹುದು ಅಂತ ಯಾರಾದ್ರೂ ಅಂದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ಹುಟ್ಟಿದಾಗ ಹಾಕಿದ್ದರ ಪ್ರಭಾವ ದೊಡ್ಡೋರಾಗೋ ಹೊತ್ತಿಗೆ ಬಹಳ ಕಮ್ಮಿ ಆಗಿರುತ್ತೆ. ತೀರಾ ಅನುಮಾನ ಇದ್ರೆ ಇಗ್ರಾ ಅಂತ ರಕ್ತದ ಟೆಸ್ಟ್ ಇದೆ, ಅದಕ್ಕೆ ಬಿಸಿಜಿ ಅಡ್ಡ ಬರಲ್ಲ.

ನೀವೀಗ ಎಕ್ಸ್‌ರೇ ಮಾಡಿಸಿ. ಅದು ಸರಿ ಇದ್ರೆ ಕಾಯಿಲೆ ಬರದ ಹಾಗೆ ಮಾತ್ರೆ ಕೊಡ್ತಾರೆ, ಐಸೋನಿಯಾಜಿಡ್ ದಿನಾ 6 ಅಥವಾ 9 ತಿಂಗಳು, ಇಲ್ಲಾಂದ್ರೆ ವಾರಕ್ಕೊಂದ್ಸಲದಂತೆ 12 ವಾರದ್ದೂ ಇದೆ, ಹಾಲು ಕುಡಿಸ್ತಿರೋದನ್ನ ಹೇಳಿ. ಮಲಗಿರೋ ರೋಗಾಣು 100ರಲ್ಲಿ 5ರಿಂದ 10 ಜನಕ್ಕೆ ಮಾತ್ರ ಕಾಯಿಲೆ ತರುತ್ತೆ ನಿಜ, ಆದ್ರೆ ಮೊದಲೆರಡು ವರ್ಷದಲ್ಲೇ ಅಪಾಯ ಜಾಸ್ತಿ.

ಯಜಮಾನ್ರ 0 ನೋಡಿ ನಿಶ್ಚಿಂತೆ ಬೇಡ, ಸೋಂಕು ತಗುಲಿ 2ರಿಂದ 8 ವಾರ ಆಗೋ ತನಕ ಈ ಟೆಸ್ಟಲ್ಲಿ ಕಾಣ್ಸಲ್ಲ, ಕೊನೇ ಒಡನಾಟ ಆಗಿ 8ರಿಂದ 10 ವಾರಕ್ಕೆ ಮತ್ತೊಮ್ಮೆ ಮಾಡ್ಸಿ. ನನಗೆ ನಿಜವಾಗಿ ಚಿಂತೆ ಇರೋದು ಮಗುದು, ನೀವು ಅದರ ಟೆಸ್ಟ್ ಬಗ್ಗೆ ಬರ್ದೇ ಇಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಟಿಬಿ ಬೇಗ ಏರುತ್ತೆ, ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಟೆಸ್ಟ್ ನೆಗೆಟಿವ್ ಇದ್ರೂ ತಡೆ ಔಷಧಿ ಶುರು ಮಾಡ್ತಾರೆ. ನಾಳೇನೇ ಎತ್ಕೊಂಡು ಹೋಗಿ ತೋರಿಸಿ.