‘ಟೋಫು ಹಾಕಿದ ಫೋ ಅಂದ್ರೆ ಸಸ್ಯಾಹಾರಿ ಅಲ್ವಾ?’

ವಿಯೆಟ್ನಾಂ-ಚೈನೀಸ್ ಹೋಟೆಲ್‌ಗಳ ಬಗ್ಗೆ ಈ ಸಲ ಜಾಸ್ತಿ ಪತ್ರ ಬಂದಿವೆ. ಬಹುಪಾಲು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆಯಿಂದ. ವಿಯೆಟ್ನಾಂ ಬಿಟ್ಟರೆ ವಿಯೆಟ್ನಾಮಿಗಳು ಅತಿ ಹೆಚ್ಚು ಇರುವ ಊರು ಅದು. ನಮ್ಮವರೂ ಅಲ್ಲಿ ಕಡಿಮೆ ಇಲ್ಲ. ನಾನೂ ಅದೇ ಊರಿನವಳಾದ್ದರಿಂದ ಕಂಡಿದ್ದನ್ನು, ಉಂಡಿದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅತ್ತೆ ಮಾವ ಧಾರವಾಡದಿಂದ ಆರು ತಿಂಗಳಿಗೆ ಬಂದಿದ್ದಾರೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಮನೆ ಹತ್ತಿರದ ವಿಯೆಟ್ನಾಂ ಹೋಟೆಲ್‌ಗೆ ಕರೆದುಕೊಂಡು ಹೋಗೋಣ ಅಂತ ನಮ್ಮವರ ಆಸೆ. ಮೆನುವಿನಲ್ಲಿ ಟೋಫು ಫೋ ಇದೆ. ಅದು ಸಸ್ಯಾಹಾರಿ ಅಲ್ವಾ? — ಓದುಗಿ, ಸ್ಯಾನ್ ಹೋಸೆ

ಅಷ್ಟಕ್ಕೇ ನಂಬಬೇಡಿ. ಫೋ ಅಂದರೆ ಸಾರಿನಲ್ಲಿ ಬರುವ ಅಕ್ಕಿ ನೂಡಲ್ಸ್, ಟೋಫು ಅಂದರೆ ಸೋಯಾ ಪನೀರ್. ಫೋದ ಜೀವ ಇರೋದು ಸಾರಿನಲ್ಲಿ, ಮೇಲೆ ತೇಲುವ ತುಂಡಿನಲ್ಲಲ್ಲ. ದನದ ಮೂಳೆಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ, ಅದಕ್ಕೆ ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಲವಂಗ, ಚಕ್ರಮೊಗ್ಗು ಹಾಕಿ ತೆಗೆದ ಸಾರು ಅದು. ವಾಸನೆ ಬಂದ ತಕ್ಷಣ ನಮ್ಮ ಪಲಾವ್ ನೆನಪಾಗುತ್ತದೆ, ಹಾಗಾಗಿ ಅನುಮಾನವೇ ಬರಲ್ಲ. ಎಷ್ಟೋ ಕಡೆ ಟೋಫು ಫೋ ಅಂದರೆ ಅದೇ ಸಾರಿಗೆ ಮಾಂಸದ ಬದಲು ಟೋಫು ಹಾಕಿ ಕೊಡುತ್ತಾರೆ. ಅವರು ಮೋಸ ಮಾಡುತ್ತಿಲ್ಲ. ಮಾಂಸದ ತುಂಡು ಬೇಡ ಅಂದಿರಿ, ತೆಗೆದರು, ಅಷ್ಟೇ.

ನೀವು ಕಲಿಯಬೇಕಾದ ಪದ ಒಂದೇ: ‘ಚೈ’. ಮೆನುವಿನಲ್ಲಿ ಸಿ, ಎಚ್, ಎ, ವೈ ಅಂತ ಇರುತ್ತದೆ. ಬೌದ್ಧರ ಸಸ್ಯಾಹಾರ ಅಂತ ಅರ್ಥ. ಚಾಂದ್ರಮಾನದ ಒಂದನೇ ಮತ್ತು ಹದಿನೈದನೇ ದಿನ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗೆ, ತುಂಬ ವಿಯೆಟ್ನಾಮಿ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಕಟ್ಟುನಿಟ್ಟಾಗಿ ನಡೆಸುವವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಿಮ್ಮ ಅತ್ತೆಗೆ ಇದನ್ನು ಹೇಳಿ ನೋಡಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಸ್ಯಾನ್ ಹೋಸೆಯಲ್ಲಿ ಬರೀ ಚೈ ಅಡುಗೆಯ ಹೋಟೆಲ್‌ಗಳೇ ಇವೆ. ಹಿರಿಯರನ್ನು ಮೊದಲ ಸಲ ಅಲ್ಲಿಗೇ ಕರೆದುಕೊಂಡು ಹೋಗಿ.

ಒಂದು ಮಾತು ಮಾತ್ರ ಮುಂಚೆಯೇ ಹೇಳಿಡಿ. ಸೋಯಾ ಮತ್ತು ಗೋಧಿಯ ಅಂಟಿನಿಂದ ಅವರು ಮಾಂಸದ ಹಾಗೆಯೇ ಕಾಣುವ ತುಂಡು ಮಾಡುತ್ತಾರೆ. ನನ್ನ ಅಮ್ಮ ಮೊದಲ ಸಲ ಬಟ್ಟಲಲ್ಲಿ ಕೆಂಪು ಗೆರೆಯ, ಸುರುಳಿ ಸುತ್ತಿದ ಸಿಗಡಿ ನೋಡಿ ಚಮಚ ಕೆಳಗಿಟ್ಟು ಸುಮ್ನೆ ಕೂತುಬಿಟ್ಟರು. ಗಲ್ಲಾ ಹತ್ತಿರ ಇದ್ದ ಅಜ್ಜಿ ಅದನ್ನು ನೋಡಿ ಒಳಗೆ ಹೋಗಿ, ಆ ಸೋಯಾ ಸಿಗಡಿಯ ಪ್ಯಾಕೆಟ್ಟನ್ನೇ ತಂದು, ಅಮ್ಮನ ಪಕ್ಕ ಕೂತು ಒಂದನ್ನು ಮುರಿದು ತೋರಿಸಿದರು. ಒಳಗೆ ಪೂರ್ತಿ ಬಿಳಿ ಹಿಟ್ಟು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅಮ್ಮ ಉಂಡರು. ಊರಿಗೆ ಹೋಗುವ ಮುಂಚೆ ಇನ್ನೂ ಮೂರು ಸಲ ಅಲ್ಲಿಗೇ ಹೋಗೋಣ ಅಂದರು.

ಮಾಮೂಲಿ ಹೋಟೆಲ್‌ಗೇ ಹೋಗಬೇಕಾದರೆ ಎರಡು ಪ್ರಶ್ನೆ ಕೇಳಿ. ಸಾರು ಯಾವುದರದ್ದು? ಮೀನಿನ ಸಾಸ್ ಇದೆಯಾ? ರೋಲ್ ಜೊತೆ ಪುಟ್ಟ ಬಟ್ಟಲಲ್ಲಿ ಬರುವ, ಕ್ಯಾರೆಟ್ ಎಳೆ ತೇಲುವ ಹೊಂಬಣ್ಣದ ನೀರಿದೆಯಲ್ಲ, ಅದು ಸಾಮಾನ್ಯವಾಗಿ ಮೀನಿನ ಸಾಸ್‌ನಿಂದ ಮಾಡಿದ್ದು. ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ ಆ ಸಾಸ್. ನೋಡಿದರೆ ಖಂಡಿತ ಗೊತ್ತಾಗುವುದಿಲ್ಲ.

ಪ್ರಶ್ನೆ: ಒಂದೇ ಹೋಟೆಲ್‌ನಲ್ಲಿ ವಿಯೆಟ್ನಾಂನ ಫೋ ಜೊತೆ ಚೀನೀ ಫ್ರೈಡ್ ರೈಸ್, ವಾಂಟನ್ (ಹೂರಣ ತುಂಬಿದ ಪುಟ್ಟ ಚೀನೀ ಕಡುಬು) ನೂಡಲ್ಸ್ ಎಲ್ಲಾ ಇದ್ದರೆ ಅದು ಅಸಲಿ ಅಲ್ಲ, ವ್ಯಾಪಾರಕ್ಕೆ ಬೆರೆಸಿದ್ದು ಅಂತ ಗೆಳೆಯ ಹೇಳುತ್ತಾನೆ. ನಿಜವಾ? — ಓದುಗ, ಫ್ರಿಮಾಂಟ್

ನಿಮ್ಮ ಗೆಳೆಯನ ಮಾತು ನಾನು ಒಪ್ಪುವುದಿಲ್ಲ. ಇಂಥ ಎಷ್ಟೋ ಹೋಟೆಲ್‌ಗಳನ್ನು ತೆರೆದವರು ತಲೆಮಾರುಗಳಿಂದ ವಿಯೆಟ್ನಾಂನಲ್ಲೇ ಇದ್ದ ಚೀನೀ ಮೂಲದವರು. ಆಗಿನ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನಲ್ಲಿ (ಈಗಿನ ಹೋ ಚಿ ಮಿನ್ ಸಿಟಿ) ಚೊಲಾನ್ ಅಂತ ಅವರದ್ದೇ ದೊಡ್ಡ ಪೇಟೆ ಇತ್ತು. ಆ ಹೆಸರಿನ ಅರ್ಥವೇ ದೊಡ್ಡ ಸಂತೆ. 1975ರಲ್ಲಿ ಸೈಗಾನ್ ಉತ್ತರದ ಕಮ್ಯುನಿಸ್ಟರ ಕೈಗೆ ಬಿತ್ತು. 1978ರಲ್ಲಿ ಹೊಸ ಸರ್ಕಾರ ಖಾಸಗಿ ವ್ಯಾಪಾರ ಮುಚ್ಚಿಸಿತು, ಹೆಚ್ಚು ಪೆಟ್ಟು ಬಿದ್ದಿದ್ದು ಈ ಜನಕ್ಕೆ. 1979ರಲ್ಲಿ ಚೀನಾದ ಜೊತೆ ಯುದ್ಧವೇ ಆಯಿತು. ಅಂಗಡಿ, ಮನೆ ಎಲ್ಲಾ ಬಿಟ್ಟು ದೋಣಿ, ಹಡಗು ಹತ್ತಿ ಹೊರಟರು. ಹುಯ್ ಫಾಂಗ್ ಅನ್ನುವ ಸರಕು ಹಡಗೊಂದರಲ್ಲೇ 3,300ಕ್ಕೂ ಹೆಚ್ಚು ಜನ 1978ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ತಲುಪಿದರು.

ಮೇಜಿನ ಮೇಲೆ ಹಸಿರು ಮುಚ್ಚಳದ, ಹುಂಜದ ಚಿತ್ರದ ಕೆಂಪು ಮೆಣಸಿನ ಸಾಸ್ ಶ್ರೀರಾಚಾ ಬಾಟಲಿ ನೋಡಿದ್ದೀರಲ್ಲ? ಅದನ್ನು ಮಾಡಿದ ಡೇವಿಡ್ ಟ್ರಾನ್ ಆ ಹಡಗಿನಲ್ಲೇ ಬಂದವರು. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದ ಕಂಪನಿಗೆ ಆ ಹಡಗಿನ ಹೆಸರನ್ನೇ ಇಟ್ಟರು.

ವಿಯೆಟ್ನಾಂನಿಂದ ಬಂದ ಇಂಥ ಚೀನೀ ಮೂಲದವರ ಮನೆಯಲ್ಲಿ ಬೆಳಿಗ್ಗೆ ಫೋ, ರಾತ್ರಿ ವಾಂಟನ್ ಎರಡೂ ಮನೆ ಅಡುಗೆಯೇ. ಮೆನುವಿನಲ್ಲಿ ‘ಹು ತ್ಯೂ’ ಅಂತ ಒಂದು ನೂಡಲ್ಸ್ ಇರುತ್ತದೆ ನೋಡಿ. ಆ ಹೆಸರು ದಕ್ಷಿಣ ಚೀನಾದ ತ್ಯೋಚ್ಯೂ ಮಾತಿನಿಂದ ಬಂದದ್ದು, ಈಗ ಅದು ಸೈಗಾನ್‌ನ ದಿನನಿತ್ಯದ ತಿಂಡಿ. ನಿಮ್ಮ ಗೆಳೆಯನಿಗೆ ಅದನ್ನೇ ತಿನ್ನಿಸಿ. ಹಂದಿ, ಸಿಗಡಿ ಎರಡೂ ಇರುತ್ತವೆ, ಅದೊಂದು ನೆನಪಿರಲಿ.

ಪ್ರಶ್ನೆ: ಫೋ ಜೊತೆ ಒಂದು ತಟ್ಟೆ ತುಂಬ ಹಸಿ ಸೊಪ್ಪು ಕೊಡುತ್ತಾರೆ. ಏನು ಮಾಡಬೇಕು? — ಓದುಗಿ, ಸನಿವೇಲ್

ಮೊದಲು ಏನೂ ಹಾಕಬೇಡಿ. ಎರಡು ಚಮಚ ಬರೀ ಸಾರು ಕುಡಿಯಿರಿ, ಅಡುಗೆಯವರು ಅದಕ್ಕಾಗಿಯೇ ರಾತ್ರಿಯೆಲ್ಲ ಒಲೆ ಉರಿಸಿರುತ್ತಾರೆ. ಆಮೇಲೆ ಮೊಳಕೆ ಕಾಳು ಹಾಕಿ ಒತ್ತಿ, ಬಿಸಿಗೆ ಬಾಡಲಿ. ನೇರಳೆ ದಂಟಿನ ತುಳಸಿಯಂಥ ಸೊಪ್ಪಿನ ಎಲೆ ಬಿಡಿಸಿ, ಕೈಯಲ್ಲೇ ಹರಿದು ಹಾಕಿ. ಗರಗಸದ ಅಂಚಿನ ಉದ್ದ ಎಲೆ ಇದ್ದರೆ ನಿಮ್ಮ ಅದೃಷ್ಟ, ಕೊತ್ತಂಬರಿಗಿಂತ ಜೋರು ಪರಿಮಳ ಅದರದ್ದು. ಕೊನೆಗೆ ನಿಂಬೆ. ಕೆಂಪು, ಕಪ್ಪು ಸಾಸ್‌ಗಳನ್ನು ಬಟ್ಟಲಿಗೆ ಸುರಿಯಬೇಡಿ, ಪಕ್ಕದ ಪುಟ್ಟ ತಟ್ಟೆಗೆ ಹಾಕಿಕೊಂಡು ಅದ್ದಿ ತಿನ್ನಿ. ಇದು ನನ್ನ ಹಟ, ಎಲ್ಲರೂ ಹಾಗೆ ಮಾಡಲ್ಲ. ಮಾತಾಡುತ್ತಾ ಕೂರಬೇಡಿ. ಅಕ್ಕಿ ನೂಡಲ್ಸ್ ನಮ್ಮ ಒತ್ತು ಶಾವಿಗೆ ತರಹ, ಬಿಸಿ ಸಾರಿನಲ್ಲಿ ನೆನೆದರೆ ಮೆತ್ತಗಾಗಿ ಹೋಗುತ್ತದೆ.

ಪ್ರಶ್ನೆ: ಊಟ ಚೆನ್ನಾಗಿತ್ತು, ಆದರೆ ಹುಡುಗ ನಗಲೇ ಇಲ್ಲ, ಊಟ ಮುಗಿದು ಇಪ್ಪತ್ತು ನಿಮಿಷ ಕೂತರೂ ಬಿಲ್ ತರಲಿಲ್ಲ. ನಮ್ಮನ್ನು ಕಂಡರೆ ಆಗಲ್ವಾ? — ಓದುಗ, ಮಿಲ್ಪಿಟಾಸ್

ಬೇಜಾರಾಗಿದ್ದು ಅರ್ಥವಾಗುತ್ತದೆ. ಆದರೆ ಇಂಥ ಹೋಟೆಲ್‌ಗಳಲ್ಲಿ ನೀವು ಕೇಳದೆ ಬಿಲ್ ತರುವುದು ‘ಎದ್ದು ಹೋಗಿ’ ಅಂದ ಹಾಗೆ. ಹಾಗಾಗಿ ಅವರು ಕಾಯುತ್ತಾರೆ. ಎದ್ದು ಗಲ್ಲಾಕ್ಕೆ ಹೋಗಿ ಮೇಜಿನ ನಂಬರ್ ಹೇಳಿ, ಅಲ್ಲೇ ಕೊಡಬಹುದು. ಕೆಲವು ಕಡೆ ಕಾರ್ಡ್ ನಡೆಯಲ್ಲ, ನಗದು ಇಟ್ಟುಕೊಳ್ಳಿ. ಹುಡುಗ ನಗಲಿಲ್ಲ ಅಂತ ಮಾತ್ರ ತಪ್ಪು ತಿಳಿಯಬೇಡಿ, ನಮ್ಮ ದರ್ಶಿನಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಟೋಕನ್ ತಗೊಂಡು ದೋಸೆ ಕೊಡುವವನೂ ನಗುವುದಿಲ್ಲ.

ಪ್ರಶ್ನೆ: ಮಗಳ ಮನೆಗೆ ಹೋದಾಗ ಅಲ್ಲಿ ಐಸ್ ಹಾಕಿದ ವಿಯೆಟ್ನಾಂ ಕಾಫಿ ಕುಡಿದೆ. ಆ ರುಚಿ ಮನೆಯಲ್ಲಿ ಬರುತ್ತಾ? — ಓದುಗರು, ಮಡಿಕೇರಿ

ನಿಮಗೆ ಬಾರದೆ ಇನ್ಯಾರಿಗೆ ಬಂದೀತು! ವಿಯೆಟ್ನಾಂನವರದ್ದು ಬಹುತೇಕ ರೋಬಸ್ಟಾ ಜಾತಿಯ ಕಾಫಿ, ಜಗತ್ತಿನಲ್ಲಿ ರೋಬಸ್ಟಾ ಅತಿ ಹೆಚ್ಚು ಬೆಳೆಯುವವರು ಅವರೇ. ನಿಮ್ಮ ತೋಟಗಳಲ್ಲೂ ಜಾಸ್ತಿ ಇರೋದು ಅದೇ. ಕಪ್ಪಗೆ ಹುರಿದ, ಚಿಕೋರಿ ಇಲ್ಲದ ಪುಡಿ ತಗೊಳ್ಳಿ. ನಮ್ಮ ಸ್ಟೀಲ್ ಫಿಲ್ಟರ್ ಸಾಕು, ನೀರು ಕಡಿಮೆ ಹಾಕಿ ಡಿಕಾಕ್ಷನ್ ದಪ್ಪಗೆ ಇಳಿಸಿ. ಗಾಜಿನ ಲೋಟದ ತಳಕ್ಕೆ ಎರಡು ಚಮಚ ಮಿಲ್ಕ್‌ಮೇಡ್, ಮೇಲೆ ಬಿಸಿ ಡಿಕಾಕ್ಷನ್. ಚೆನ್ನಾಗಿ ಕಲಸಿದ ಮೇಲೆ ಐಸ್ ಹಾಕಿ, ಮೊದಲೇ ಹಾಕಿದರೆ ಹಾಲು ತಳದಲ್ಲೇ ಗಟ್ಟಿಯಾಗಿ ಕೂರುತ್ತದೆ.