ಅತಿವೇಗದ ರೈಲು ಬಂದರೆ ಕಾಸರಗೋಡು ಬೆಳೆಯುವುದೇ?

ಪ್ರಶ್ನೆ: ತಿರುವನಂತಪುರದಿಂದ ನಾಲ್ಕು ತಾಸಿನೊಳಗೆ ಕಾಸರಗೋಡು ತಲುಪಿಸುವ ರೈಲುಮಾರ್ಗದ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಅಂಥ ಮಾರ್ಗದಿಂದ ನಮ್ಮ ಪೇಟೆಯ ವ್ಯಾಪಾರ, ಉದ್ಯೋಗ ಹೆಚ್ಚುವುದೇ, ಇಲ್ಲವೇ ಇರುವುದೂ ದೊಡ್ಡ ನಗರಗಳ ಪಾಲಾಗುವುದೇ?
– ಓದುಗರು, ಕುಂಬಳೆ

ಉತ್ತರ: ಎರಡೂ ಸಾಧ್ಯ. ಯಾವುದು ನಿಜವಾಗುತ್ತದೆ ಎಂಬುದನ್ನು ರೈಲಿನ ವೇಗಕ್ಕಿಂತ ಹೆಚ್ಚಾಗಿ ನಿಲ್ದಾಣ ಇರುವ ಜಾಗ ಮತ್ತು ಅಲ್ಲಿಂದ ಮುಂದಕ್ಕಿರುವ ಸಂಪರ್ಕ ನಿರ್ಧರಿಸುತ್ತವೆ.

ಸ್ಪೇನಿನಲ್ಲಿ 1992ರಲ್ಲಿ ಮ್ಯಾಡ್ರಿಡ್–ಸೆವಿಲ್ಲೆ ಮಾರ್ಗ ತೆರೆದಾಗ ನಡುವಿನ ಸಣ್ಣ ಊರು ಸಿಯುದಾದ್ ರಿಯಾಲ್ ರಾಜಧಾನಿಗೆ ಒಂದು ತಾಸಿನ ದಾರಿಯಷ್ಟು ಹತ್ತಿರವಾಯಿತು. ಅಲ್ಲಿ ಮನೆ ಮಾಡಿಕೊಂಡು ಮ್ಯಾಡ್ರಿಡ್‌ನಲ್ಲಿ ದುಡಿಯುವವರೂ, ಮ್ಯಾಡ್ರಿಡ್‌ನಿಂದ ಬಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರೂ ಹೆಚ್ಚಿದರು. ಫ್ರಾನ್ಸಿನ ಓತ್ ಪಿಕಾರ್ಡಿ ನಿಲ್ದಾಣವನ್ನಾದರೋ ಎರಡು ಪಟ್ಟಣಗಳ ನಡುವಿನ ಬೀಟ್‌ರೂಟ್ ಹೊಲಗಳಲ್ಲಿ, ಹಳೆಯ ರೈಲುಮಾರ್ಗದ ಕೊಂಡಿಯಿಲ್ಲದೆ ಕಟ್ಟಿದ್ದರಿಂದ ಎರಡೂ ಪಟ್ಟಣಗಳಿಗೆ ನಿರೀಕ್ಷಿಸಿದ ಫಲ ಸಿಗಲಿಲ್ಲ.

ಇಂಥ ರೈಲು ಮುಖ್ಯವಾಗಿ ಸಾಗಿಸುವುದು ಜನರನ್ನು, ಸರಕನ್ನಲ್ಲ. ಹಾಗಾಗಿ ಶಿಕ್ಷಣ, ವೈದ್ಯಕೀಯ, ಪ್ರವಾಸ, ಕಚೇರಿ ಕೆಲಸಗಳಿಗೆ ನೇರ ಲಾಭವಿದೆ. ನಮ್ಮ ಅಡಿಕೆ, ತೆಂಗಿಗೆ ಸಿಗುವುದು ಪರೋಕ್ಷ ಲಾಭ ಮಾತ್ರ, ಅದೂ ವೇಗದ ಗಾಡಿಗಳು ಹೊಸ ಹಳಿಗೆ ಹೋಗಿ ಹಳೆಯ ಹಳಿಯಲ್ಲಿ ಗೂಡ್ಸ್ ಮತ್ತು ಲೋಕಲ್ ಗಾಡಿಗಳಿಗೆ ಜಾಗ ತೆರವಾದರೆ.

ಕಾಸರಗೋಡಿನ ಮಟ್ಟಿಗೆ ನನ್ನ ಮುಖ್ಯ ಆತಂಕ ಬೇರೆ. ಕೇರಳ ಸರ್ಕಾರ ರೂಪಿಸಿದ ಸಿಲ್ವರ್‌ಲೈನ್ ಯೋಜನೆಯಲ್ಲಿ ಸುಮಾರು 530 ಕಿ.ಮೀ. ಮಾರ್ಗ, 11 ನಿಲ್ದಾಣ, ಗಂಟೆಗೆ 200 ಕಿ.ಮೀ. ವೇಗವಿತ್ತು, ಆದರೆ ಮಾರ್ಗ ಕಾಸರಗೋಡಿನಲ್ಲೇ ಮುಗಿಯುತ್ತಿತ್ತು, ಮತ್ತು ಹಳಿಗಳ ನಡುವಿನ ಅಂತರ ಕಡಿಮೆಯಿರುವ ಸ್ಟ್ಯಾಂಡರ್ಡ್ ಗೇಜ್ ಆದ್ದರಿಂದ ಆ ಗಾಡಿ ಈಗಿನ ಬ್ರಾಡ್‌ಗೇಜ್ ಹಳಿಯ ಮೇಲೆ ಮುಂದೆ ಹೋಗುವಂತಿರಲಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ವಿದ್ಯಾರ್ಥಿಗಳೂ ರೋಗಿಗಳೂ ವ್ಯಾಪಾರಿಗಳೂ ದಿನನಿತ್ಯ ಮುಖ ಮಾಡುವುದು ಮಂಗಳೂರಿನ ಕಡೆಗೆ. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಆ ನಗರವನ್ನು ಬಿಟ್ಟು ನಮ್ಮ ಜಿಲ್ಲೆಯ ಆರ್ಥಿಕತೆಯನ್ನು ಲೆಕ್ಕ ಹಾಕುವುದು ತಪ್ಪು. 2023ರಲ್ಲಿ ಇಲ್ಲಿಯವರೆಗೆ ಬಂದ ವಂದೇ ಭಾರತ್ ರೈಲುಗಳಲ್ಲಿ ಒಂದನ್ನು 2024ರಲ್ಲಿ ಮಂಗಳೂರಿಗೆ ವಿಸ್ತರಿಸಲು ಸಾಧ್ಯವಾದದ್ದು ಅದು ಇರುವ ಹಳಿಯ ಮೇಲೆಯೇ ಓಡುವುದರಿಂದ.

ಆದ್ದರಿಂದ ಮುಂದೆ ಯಾವ ಯೋಜನೆ ಬಂದರೂ ಮೊದಲು ಕೇಳಬೇಕಾದದ್ದು, ಅದು ಗಡಿ ದಾಟಿ ಮಂಗಳೂರಿಗೆ ಹೋಗುವುದೇ ಎಂದು. ಹೊಸ ನಿಲ್ದಾಣ ಈಗಿನ ನಿಲ್ದಾಣಕ್ಕೆ ಅಂಟಿಕೊಂಡೇ ಇರಬೇಕು. ಬದಿಯಡ್ಕ, ಮುಳ್ಳೇರಿಯದ ಬಸ್ಸುಗಳು ರೈಲಿನ ಸಮಯಕ್ಕೆ ಹೊಂದಿಕೊಂಡು ಅಲ್ಲಿಗೇ ಬರಬೇಕು. ಕಡಲಿಗೂ ಗುಡ್ಡಕ್ಕೂ ನಡುವಿನ ಕಿರಿದಾದ ನೆಲದಲ್ಲಿ ಮನೆ, ತೋಟ ಕಳೆದುಕೊಳ್ಳುವವರ ಪರಿಹಾರವೂ ಹಳಿಯ ನಕ್ಷೆಯ ಜೊತೆಗೇ ತೀರ್ಮಾನವಾಗಬೇಕು.